ಎಂಎಸ್‌ಡಬ್ಲ್ಯೂನಲ್ಲಿ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎಚ್‌ಆರ್ ತಗೊಳ್ಳಲೋ, ಮೆಡಿಕಲ್ ತಗೊಳ್ಳಲೋ? ಫೀಲ್ಡ್‌ವರ್ಕ್ ಬೇಗ ಮುಗಿಸಿ ಓದಿಗೆ ಸಮಯ ಉಳಿಸಿಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆಯ ಎರಡನೇ ಭಾಗ ಓದಿದಾಗ ನನ್ನ ಹಾಸ್ಟೆಲ್ ರೂಮಿನ ಟ್ರಂಕು ಕಣ್ಣಮುಂದೆ ಬಂತು. ಅದರ ತಳದಲ್ಲಿ ಬಟ್ಟೆಗಳ ಕೆಳಗೆ ಒಂದು ನೀಲಿ ಫೈಲಿತ್ತು. ಮೊದಲು ಅದರ ವಿಷಯ ಹೇಳುತ್ತೇನೆ.

ನಾನು ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ ಸೇರಿದ್ದು 2016ರಲ್ಲಿ. ವಾರಕ್ಕೆ ನಾಲ್ಕು ದಿನ ಕ್ಲಾಸು, ಎರಡು ದಿನ ಫೀಲ್ಡು. ನನ್ನನ್ನು ಹಾಕಿದ್ದು ಪಾಂಡವಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಗೆ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿಯಬೇಕು. ಸಂಜೆ ವಾಪಸು ಬಂದು ರಿಪೋರ್ಟ್ ಬರೆಯಬೇಕು. ಮಾರನೇ ದಿನ ಇಂಟರ್ನಲ್ ಟೆಸ್ಟ್ ಇದ್ದರೆ ಸಿಟ್ಟು ಬರುತ್ತಿತ್ತು. ನಿಮಗೂ ಈಗ ಹಾಗೇ ಅನ್ನಿಸುತ್ತಿದೆ ಅಂತ ಗೊತ್ತು.

ಕೇಸ್‌ವರ್ಕ್‌ಗೆ, ಅಂದರೆ ಒಬ್ಬರ ಸಮಸ್ಯೆ ಹಿಡಿದು ಅವರ ಜೊತೆ ಕೆಲಸ ಮಾಡೋದಕ್ಕೆ, ನನಗೆ ಸಿಕ್ಕಿದ್ದು ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದ ಒಬ್ಬ ಅಕ್ಕ. ಗಂಡ 2016ರ ಜೂನ್‌ನಲ್ಲಿ ಮನೆಯಲ್ಲೇ ತೀರಿಕೊಂಡಿದ್ದರು. ಮರಣ ನೋಂದಣಿ ಆಗಿರಲಿಲ್ಲ, ಹಾಗಾಗಿ ವಿಧವಾ ವೇತನಕ್ಕೆ ಅರ್ಜಿ ಹಾಕುವಂತಿರಲಿಲ್ಲ. ಈ ನೋಂದಣಿಯ ಲೆಕ್ಕ ಗೊತ್ತಿರಲಿ, ನಿಮಗೂ ಬೇಕಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು 21 ದಿನದೊಳಗೆ ಬರೆಸಬೇಕು. 30 ದಿನದವರೆಗೆ ತಡವಾದದ್ದಕ್ಕೆ ಶುಲ್ಕ ಕಟ್ಟಿದರೆ ಸಾಕು. ಆಮೇಲೆ ಒಂದು ವರ್ಷದವರೆಗೆ ಆಗ ಅಫಿಡವಿಟ್ ಮತ್ತು ಮೇಲಧಿಕಾರಿಯ ಲಿಖಿತ ಅನುಮತಿ ಬೇಕಿತ್ತು. ವರ್ಷ ದಾಟಿದರೆ ಆಗ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಿತ್ತು, ಅಂದರೆ ಕೋರ್ಟು.

ನಾನು ಅವರ ಮನೆಗೆ ಹೋದಾಗ ವರ್ಷ ತುಂಬಲು ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು. ಅಫಿಡವಿಟ್ ಮಾಡಿಸಲು ಅಕ್ಕ ಒಂದು ದಿನ ನನ್ನ ಜೊತೆ ತಾಲ್ಲೂಕು ಕಚೇರಿಗೆ ಬಂದರು. ವಾಪಸು ಬರುವಾಗ "ಇವತ್ತಿನ ಕೂಲಿ ಹೋಯ್ತು ಕಣಪ್ಪ" ಅಂದರು. ನನಗೆ ಕರುಳು ಚುರುಕ್ ಅಂತು. "ಇನ್ನು ನೀವು ಬರಬೇಡಿ ಅಕ್ಕ, ಎಲ್ಲಾ ನಾನೇ ಓಡಾಡಿ ಮಾಡಿಸ್ತೀನಿ, ಪೇಪರ್ ಕೊಡಿ" ಅಂದೆ. ಅವರು ಕೊಟ್ಟರು. ಅಫಿಡವಿಟ್, ರೇಷನ್ ಕಾರ್ಡು, ಗಂಡನ ಆಧಾರ್, ಎಲ್ಲವೂ ಒರಿಜಿನಲ್.

ಗ್ರಾಮ ಲೆಕ್ಕಿಗರು "ವರ್ಷ ತುಂಬೋದ್ರೊಳಗೆ ತನ್ನಿ" ಅಂತ ನನಗೆ ಹೇಳಿದ್ದರು. ಡೈರಿಯಲ್ಲಿ ಬರೆದುಕೊಂಡೆ. ಅಕ್ಕನಿಗೆ ಹೇಳಲಿಲ್ಲ. ಎರಡು ಸಲ ಹೋದಾಗ ಲೆಕ್ಕಿಗರು ಸಿಗಲಿಲ್ಲ. ಅಷ್ಟರಲ್ಲಿ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು. ಓದೋಣ, ಇದನ್ನು ಆಮೇಲೆ ನೋಡೋಣ ಅಂತ ಫೈಲನ್ನು ಟ್ರಂಕಿಗೆ ಹಾಕಿದೆ. ರಿಪೋರ್ಟಿನ ಕೊನೆಯ ಪುಟದಲ್ಲಿ, ಕೇಸ್ ಮುಗಿಸುವ ಹಂತದಲ್ಲಿ, "ಮುಂದಿನ ಕ್ರಮಗಳ ಬಗ್ಗೆ ಕ್ಲೈಂಟ್‌ಗೆ ಮಾಹಿತಿ ನೀಡಲಾಯಿತು" ಅಂತ ಬರೆದೆ. ನೀಡಿರಲಿಲ್ಲ. ಅಕ್ಕನಿಗೆ ಹೋಗಿಬರ್ತೀನಿ ಅಂತ ಹೇಳಿಯೂ ಬಂದಿರಲಿಲ್ಲ.

ಆಗಸ್ಟ್‌ನಲ್ಲಿ ಅಕ್ಕನ ಹತ್ತಿರ ಹೋದೆ. ಗಂಡನ ವರ್ಷದ ತಿಥಿಯೂ ಮುಗಿದಿತ್ತು. "ಶುಕ್ರವಾರ ಶುಕ್ರವಾರ ಅಂಗನವಾಡಿ ತಾವ ಬಂದು ನಿಂತ್ಕೊಂಡೆ ಕಣಪ್ಪ" ಅಂದರು. ಬೈಯಲಿಲ್ಲ.

ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ, ಆದ್ದರಿಂದ ಉದ್ದ ಆದರೂ ಬಿಡಿಸಿ ಹೇಳುತ್ತೇನೆ. ಪರೀಕ್ಷೆ ಗಡಿಬಿಡಿಯಲ್ಲಿ ಮರೆತೆ ಅಂತ ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮರೆವು ಯಾರಿಗಾದರೂ ಬರುತ್ತದೆ. ಆದರೆ ನಾನು ಮರೆತರೆ ಆ ಕೆಲಸ ಪೂರ್ತಿ ನಿಂತೇ ಹೋಗುವ ಹಾಗೆ ಮಾಡಿಟ್ಟವನು ನಾನು. ಪೇಪರ್ ನನ್ನ ಹತ್ತಿರ, ಗಡುವು ನನ್ನ ಡೈರಿಯಲ್ಲಿ, ಯಾವ ಟೇಬಲ್ಲಿಗೆ ಹೋಗಬೇಕು ಅನ್ನೋದು ನನ್ನ ತಲೆಯಲ್ಲಿ. ಅವರ ಗಂಡನ ಸಾವಿನ ದಾಖಲೆ, ಅವರ ಹತ್ತಿರ ಮಾತ್ರ ಏನೂ ಇರಲಿಲ್ಲ. ಆ ದಿನಾಂಕ ಒಂದನ್ನು ಹೇಳಿದ್ದರೂ ಅವರೇ ಕಚೇರಿ ಬಾಗಿಲಲ್ಲಿ ಹೋಗಿ ಕೂರುತ್ತಿದ್ದರು. ಅಷ್ಟು ಗಟ್ಟಿಗಿತ್ತಿ. ಒಂದು ದಿನದ ಕೂಲಿ ಉಳಿಸಲು ಹೋಗಿ ಅವರನ್ನು ಕೋರ್ಟಿಗೆ ಹತ್ತಿಸಿದೆ. ಆಮೇಲೆ ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ. ಅಷ್ಟೂ ದಿನ ವೇತನ ಇಲ್ಲ.

ಆ ಪರೀಕ್ಷೆಯಲ್ಲಿ ಕೇಸ್‌ವರ್ಕ್‌ಗೆ ಬೀಸ್ಟೆಕ್ ಅನ್ನುವವರು ಹೇಳಿದ ಏಳು ತತ್ವಗಳ ಬಗ್ಗೆ ಪ್ರಶ್ನೆ ಬಂದಿತ್ತು. ಕ್ಲೈಂಟಿನ ಸ್ವನಿರ್ಧಾರ, ಅಂದರೆ ತನ್ನ ವಿಷಯ ತಾನೇ ತೀರ್ಮಾನಿಸುವ ಹಕ್ಕು ಅನ್ನೋ ತತ್ವಕ್ಕೆ ಒಂದೂವರೆ ಪುಟ ಬರೆದಿದ್ದೆ. ಒಳ್ಳೆಯ ಅಂಕವೂ ಬಂತು. ಬರೆಯುವಾಗ ಆ ಅಕ್ಕನ ನೆನಪು ಒಂದು ಕ್ಷಣಕ್ಕೂ ಆಗಲಿಲ್ಲ.

ಸಂಸ್ಥೆಯ ಸೂಪರ್‌ವೈಸರ್ ಮೇಡಂಗೆ ವಿಷಯ ಗೊತ್ತಾಗಿ, ಸುಳ್ಳು ರಿಪೋರ್ಟಿಗೆ ಕೊಟ್ಟಿದ್ದ ಸಹಿ ವಾಪಸು ತೆಗೆದುಕೊಂಡರು. ಜೂನಿಯರ್‌ಗಳ ಜೊತೆ ಆ ಸೆಮಿಸ್ಟರಿನ ಫೀಲ್ಡ್‌ವರ್ಕ್ ಮತ್ತೆ ಮಾಡಿದೆ. ಒಂದು ವರ್ಷ ಹೋಯಿತು. ಅವರು ಮಾಡಿದ್ದು ಸರಿ. ಕೋರ್ಟಿನ ದಿನಗಳಲ್ಲಿ ನಾನೂ ಅಕ್ಕನ ಜೊತೆ ಹೋಗುತ್ತಿದ್ದೆ. ಪೇಪರ್ ನೋಡಲು ಕೇಳಿದರೆ ಮಡಿಲಲ್ಲಿ ಬಿಚ್ಚಿ ಹಿಡಿದು "ಇಲ್ಲೇ ಓದ್ಕೋ, ಕೈಗೆ ಕೊಡಕಿಲ್ಲ" ಅನ್ನುತ್ತಿದ್ದರು.

ಇನ್ನು ನಿಮ್ಮ ಎಚ್‌ಆರ್, ಮೆಡಿಕಲ್ ವಿಷಯ. 500ಕ್ಕಿಂತ ಕಡಿಮೆಯಿಲ್ಲದಷ್ಟು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ ಹೇಳುತ್ತಿದ್ದರಿಂದ ನಮ್ಮ ಬ್ಯಾಚಿನಲ್ಲಿ ಅರ್ಧಕ್ಕರ್ಧ ಜನ ನಂಜನಗೂಡು, ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳನ್ನು ನೋಡಿಕೊಂಡು ಎಚ್‌ಆರ್ ತಗೊಂಡರು. ಆಸ್ಪತ್ರೆ ಇಷ್ಟವಾದರೆ ಮೆಡಿಕಲ್ ಅಂಡ್ ಸೈಕಿಯಾಟ್ರಿಕ್ ತಗೊಳ್ಳಿ, ಮುಂದೆ ನಿಮ್ಹಾನ್ಸ್‌ನಂಥ ಕಡೆ ಹೆಚ್ಚಿನ ಓದಿಗೂ ಪ್ರಯತ್ನಿಸಬಹುದು. ಯಾವುದಾದರೂ ಆಗುತ್ತದೆ. ಕಾರ್ಖಾನೆಯಲ್ಲಿ ಪಿಎಫ್ ಬಾರದ ಕಾರ್ಮಿಕ ನಿಮ್ಮ ಮೇಜಿನ ಮುಂದೆ ನಿಂತಾಗಲೂ ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಬಿಲ್ ಹಿಡಿದು ಒಬ್ಬ ಅಜ್ಜಿ ನಿಂತಾಗಲೂ ನೀವು ಮಾಡಬೇಕಾದದ್ದು ಒಂದನ್ನೇ: ಪೇಪರ್, ಗಡುವು, ಹೋಗಬೇಕಾದ ಟೇಬಲ್ಲು ಎಲ್ಲವೂ ಅವರ ಹತ್ತಿರವೇ ಇರುವ ಹಾಗೆ ನೋಡಿಕೊಳ್ಳೋದು.

ಫೀಲ್ಡ್‌ವರ್ಕ್‌ನಿಂದ ಸಮಯ ಉಳಿಸೋದು ಹೇಗೆ ಅನ್ನೋ ಪ್ರಶ್ನೆಗೆ ಮಾತ್ರ ನಾನು ಉತ್ತರ ಹೇಳುವುದಿಲ್ಲ. ಆ ಎರಡು ದಿನವೇ ನಿಮ್ಮ ಓದು. ಉಳಿದ ನಾಲ್ಕು ದಿನ ಅದಕ್ಕೆ ತಯಾರಿ. ಸಹಿ ಬೇಗ ಹಾಕಿಕೊಡುವ ಏಜೆನ್ಸಿ ಯಾವುದು ಅಂತ ಸೀನಿಯರ್‌ಗಳನ್ನು ಕೇಳಬೇಡಿ. ನಿಮ್ಮ ರಿಪೋರ್ಟ್ ಓದಿ, ತಪ್ಪು ಹಿಡಿದು ಬೈಯುವ ಸೂಪರ್‌ವೈಸರ್ ಎಲ್ಲಿದ್ದಾರೆ ಅಂತ ಕೇಳಿ, ಅಲ್ಲಿಗೇ ಹಾಕಿಸಿಕೊಳ್ಳಿ.

ಈಗ ಮಂಡ್ಯದಲ್ಲಿ ನಾನೇ ವಿದ್ಯಾರ್ಥಿಗಳನ್ನು ಫೀಲ್ಡಿಗೆ ಕರೆದುಕೊಂಡು ಹೋಗುತ್ತೇನೆ. ಒರಿಜಿನಲ್ ಪೇಪರ್ ಯಾರ ಬ್ಯಾಗಿನಲ್ಲೂ ಇರಬಾರದು. ನಲವತ್ತು ಪುಟದ ನೋಟ್‌ಬುಕ್ ಒಂದನ್ನು ಕ್ಲೈಂಟ್ ಮನೆಯಲ್ಲೇ ಇಡಿಸುತ್ತೇನೆ. ಯಾವ ಕಚೇರಿ, ಏನು ಕೊಟ್ಟೆವು, ಕೊನೆಯ ದಿನ ಯಾವುದು, ಎಲ್ಲವನ್ನೂ ಅದರಲ್ಲಿ ಬರೆದು ಓದಿ ಹೇಳಿ ಬರಬೇಕು. ಅವರಿಗೆ ಓದಲು ಬಾರದಿದ್ದರೆ, ಅವರು ಒಪ್ಪಿದರೆ, ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನ ಕೈಲಿ ಬರೆಸಬಹುದು. ಇದನ್ನು ನಾನು ಕಲಿತದ್ದು ಆ ಅಕ್ಕನ ಮನೆಯಲ್ಲೇ. ಆರನೇ ಕ್ಲಾಸಿನ ಮಗಳು ವಾಯಿದೆ ದಿನಗಳನ್ನು ಗೋಡೆ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿಡುತ್ತಿದ್ದಳು. ಅವರು ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ.