ಮನಸ್ಸು ದಿನಕ್ಕೊಂದು ಹೇಳಿದ್ರೆ ಏನ್ ಮಾಡೋದು?

ಪ್ರಶ್ನೆ: ನಮಸ್ಕಾರ್ರಿ. ನಮ್ಮೂರು ಗದಗ ಕಡೆ, ಈಗ ಇರೋದು ವಾಸ್ಕೋದಾಗ, ವೆರ್ಣಾದ ಒಂದು ಔಷಧ ಕಂಪನಿಯೊಳಗ ಶಿಫ್ಟ್ ಡ್ಯೂಟಿ. ಅಪ್ಪಾಗ ವಯಸ್ಸಾತು, ಊರಿಗೆ ಬಂದು ಅಂಗಡಿ ನೋಡ್ಕೋ ಅಂತಾರ. ಒಂದಿನ ಹೋಗಿಬಿಡೂಣು ಅನಸ್ತೈತಿ, ಮರುದಿನ ಬ್ಯಾಡ ಅನಸ್ತೈತಿ. ಗೆಳ್ಯಾರು ನಿನ್ನ ಮನಸ್ಸು ಹೇಳಿದಂಗ ಮಾಡು ಅಂತಾರ. ಯಾವ ಮನಸ್ಸಿನ ಮಾತು ಕೇಳಬೇಕ್ರಿ?
– ಹೆಸರು ಬೇಡ, ವಾಸ್ಕೋ

ಉತ್ತರ: ಮನಸ್ಸು ಏನು ಹೇಳ್ತು ಅನ್ನೋದರ ಜೊತೆ ಯಾವ ಹೊತ್ತಲ್ಲಿ ಹೇಳ್ತು ಅಂತಲೂ ನೋಡಿ. ನೈಟ್ ಶಿಫ್ಟ್ ಮುಗಿಸಿ ಬಂದಾಗ, ಸೂಪರ್‌ವೈಸರ್ ಬೈದ ದಿನ ಊರಿಗೆ ಹೋಗ್ಬಿಡ್ತೀನಿ ಅನ್ಸಿದ್ರೆ ಅದು ಬರೀ ನಿದ್ದೆಗೆಟ್ಟ ಬೇಸರ ಇರಬಹುದು.

ನೀವು ಓಲ್ಡ್ ಗೋವಾದ ಬಾಮ್ ಜೀಸಸ್ ಚರ್ಚ್ ನೋಡಿರ್ತೀರಿ, ಸಂತ ಫ್ರಾನ್ಸಿಸ್ ಜೇವಿಯರ್ ದೇಹ ಇಟ್ಟಿರೋದು ಅಲ್ಲೇ. 1542ರಲ್ಲಿ ಗೋವಾಕ್ಕೆ ಬಂದ ಈ ಜೇವಿಯರ್‌ಗೆ ಪ್ಯಾರಿಸ್‌ನಲ್ಲಿ ಓದುವಾಗ ರೂಮ್‌ಮೇಟ್ ಆಗಿದ್ದವರು ಇಗ್ನೇಷಿಯಸ್ ಲೊಯೋಲಾ, ಮುಂದೆ ಇವರೂ ಸಂತರಾದ್ರು. ಅವರು ಮೊದಲು ಯುದ್ಧಕ್ಕೆ ಹೋಗೋ ಮನುಷ್ಯ, 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಊರಲ್ಲಿ ಫಿರಂಗಿ ಗುಂಡು ತಾಗಿ ಕಾಲು ಮುರೀತು, ತಿಂಗಳುಗಟ್ಟಲೆ ಹಾಸಿಗೆ ಹಿಡಿದ್ರು, ಮಲಗಿದಲ್ಲೇ ಒಮ್ಮೆ ಸಾಹಸ ಮಾಡಿ ದೊಡ್ಡ ಮನೆತನದ ಹೆಣ್ಣಿನ ಮನಸ್ಸು ಗೆಲ್ಲೋ ಕನಸು, ಇನ್ನೊಮ್ಮೆ ಸಂತರ ಹಾಗೆ ಬದುಕೋ ಕನಸು. ಕಾಣೋವಾಗ ಎರಡೂ ಖುಷಿನೇ, ಆದ್ರೆ ಮೊದಲನೇದು ಮುಗಿದ ಮೇಲೆ ಒಳಗೆಲ್ಲ ಒಣಒಣ, ಎರಡನೇದು ಮುಗಿದ್ಮೇಲೂ ಸಮಾಧಾನ ಉಳೀತಿತ್ತು. ಈ ವ್ಯತ್ಯಾಸ ಗಮನಿಸಿದ್ದರಿಂದಲೇ ಅವರ ದಾರಿ ಬದಲಾಗಿದ್ದು. ಮನಸ್ಸು ಕುಗ್ಗಿರೋವಾಗ ಮೊದಲಿನ ತೀರ್ಮಾನ ಬದಲಾಯಿಸಬಾರದು ಅಂತಲೂ ಅವರು ಬರೆದಿಟ್ಟಿದ್ದಾರೆ. ನಮ್ಮ ದೇವರು ಯಾರೇ ಇರಲಿ, ನಂಗೆ ಇದು ಎಲ್ಲರಿಗೂ ಬೇಕಾದ ಮಾತು ಅನ್ಸುತ್ತೆ.

ನೀವೂ ಮಾಡಿ ನೋಡಿ. ಒಂದು ವಾರ ಊರಿಗೆ ಹೋಗೋದೇ ಫಿಕ್ಸ್ ಅಂದ್ಕೊಳ್ಳಿ, ಅಮ್ಮನ ರೊಟ್ಟಿ ಅಷ್ಟೇ ಅಲ್ಲ, ಬೆಳಿಗ್ಗೆ ಶಟರ್ ಎತ್ತೋದು, ಉದ್ರಿ ಗಿರಾಕಿಗಳು, ಅಪ್ಪನ ಜೊತೆ ಲೆಕ್ಕದ ಜಗಳ ಎಲ್ಲಾನೂ ಕಲ್ಪಿಸ್ಕೊಳ್ಳಿ. ಮುಂದಿನ ವಾರ ಗೋವಾದಲ್ಲೇ ಇರೋದು ಫಿಕ್ಸ್. ಮಲಗೋ ಮುಂಚೆ ಎರಡು ಸಾಲು ಬರೀರಿ, ಇವತ್ತು ಏನನ್ಸ್ತು, ಯೋಚನೆ ಮುಗಿದ ಮೇಲೆ ಏನು ಉಳೀತು. ಭಯ ಆದ್ರೆ ಭಯ ಅಂತಲೇ ಬರೀರಿ, ಭಯ ಇದೆ ಅಂದ ಮಾತ್ರಕ್ಕೆ ಆ ದಾರಿ ಬೇಡ ಅಂತಲ್ಲ.

ದುಡ್ಡಿನ ಲೆಕ್ಕ, ಅಪ್ಪನ ಆರೋಗ್ಯ ಇದೆಲ್ಲ ಬೇರೆ, ಅದು ಕಣ್ಣು ಮುಚ್ಚಿ ಕೂತ್ರೆ ಗೊತ್ತಾಗಲ್ಲ. ರಜೆ ಹಾಕಿ ಊರಿಗೆ ಹೋಗಿ, ಅಂಗಡಿಗೆ ಆಳು ಇಟ್ರೆ ಸಾಕಾ ಅಥವಾ ನಾನೇ ಹತ್ರ ಇರಬೇಕಾ ಅಂತ ಅಪ್ಪನ್ನೇ ಕೇಳಿ.