ರಜೆಗೆ ಬಂದ ಫೌಜಿ, ರಾತ್ರಿ ಬೈಕು, ಲೈಟಿಲ್ಲದ ಕಬ್ಬಿನ ಟ್ರೇಲರ್

ಗುರುತು ಸಿಗಬಾರ್ದು ಅಂತ ಊರು, ರ‍್ಯಾಂಕು, ಯುನಿಟ್ಟು ಎಲ್ಲಾ ಬಿಟ್ಟಿದೀನಿ, ರಜೆಗೆ ಊರಿಗೆ ಬಂದ ಸೈನಿಕರು, ಬೆಳಗಾವಿ ಜಿಲ್ಲೆಯವ್ರು ಅಂದ್ರೆ ಸಾಕು. ಸಲಹೆ ಕೇಳೋಕೆ ನನ್ನ ಹತ್ರ ಮೊದ್ಲು ಬಂದಿದ್ದು ಅವ್ರ ಹೆಂಡ್ತಿ. "ರಾತ್ರಿ ಹನ್ನೊಂದಾತಂದ್ರ ಬುಲೆಟ್ ತಗೊಂಡು ಹೊಂಟೇ ಬಿಡ್ತಾರ್ರೀ, ಗೇಟಿನ ಸಪ್ಪಳ ಕೇಳೂ ತನಕ ನನಗ ಕಣ್ಣಿಗೆ ಕಣ್ಣು ಹತ್ತಂಗಿಲ್ಲ" ಅಂದ್ರು.

ಎರಡನೇ ಸಲ ಅವ್ರೂ ಜೊತೇಲಿ ಬಂದ್ರು. "ಹಿಮದಾಗ ರಾತ್ರಿಯೆಲ್ಲಾ ಸಂತ್ರಿ ಡ್ಯೂಟಿ ಮಾಡೀನ್ರಿ ಮೇಡಂ, ಅಲ್ಲೇ ಏನೂ ಆಗ್ಲಿಲ್ಲ, ನಮ್ಮೂರ ರೋಡಿನ್ಯಾಗ ಏನಾಗ್ತದ?" ನಾನು ಬೈಕ್ ಮಾತು ಬಿಟ್ಟು ನಿದ್ದೆ ಬಗ್ಗೆ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ್ರು, ದಿನಾ ಎರಡಕ್ಕೆ ಎಚ್ಚರ ಆಗುತ್ತಂತೆ, ಅಲ್ಲಿ ಡ್ಯೂಟಿ ಬದಲಾಗೋ ಟೈಮಂತೆ ಅದು, ಮನೆಯವ್ರೆಲ್ಲ ಮಲಗಿದ್ರೆ ಎದೆ ಭಾರ ಆಗುತ್ತೆ, ಬೈಕ್ ಹತ್ತಿದ್ರಷ್ಟೇ ಹಗುರ. ಪಕ್ಕದಲ್ಲಿ ಕೂತಿದ್ದ ಹೆಂಡ್ತಿ ಇದನ್ನ ಕೇಳಿದ್ದು ಅವತ್ತೇ ಮೊದಲು.

ಅವ್ರ ಹೆಲ್ಮೆಟ್ ಟೇಬಲ್ ಮೇಲಿತ್ತು. ಗ್ಲಾಸ್ ಮೇಲೆ ಉಗುರಲ್ಲಿ ಗೀರಿದಂಗೆ ನಾಕು ಗೆರೆ. ಹಿಂದಿನ ವಾರ ಮುಂದೆ ಹೋಗ್ತಿದ್ದ ಟೇಲ್ ಲೈಟೇ ಇಲ್ದ ಕಬ್ಬಿನ ಟ್ರೇಲರ್ ಹತ್ರ ಬಂದ್ಮೇಲಷ್ಟೇ ಕಂಡು ಬೈಕ್ ಪಕ್ಕಕ್ಕೆ ಎಳೆದಾಗ ಕಬ್ಬಿನ ತುದಿ ಸವರಿದ್ದಂತೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ರೆ ಬೆಳಕೆಲ್ಲಾ ಆ ಗೆರೆಗಳಲ್ಲಿ ಒಡೆದು ಹರಡ್ತಿತ್ತು, ನೀವೂ ನೋಡಿ ಅಂತ ಕೈಗೆ ಕೊಟ್ಟೆ. ಪಟ್ಟಿ ಬಕಲ್ ಕೂಡ ಸಡಿಲ.

ಬೈಕ್ ಬಿಡಿ ಅಂತ ನಾನು ಹೇಳ್ಲಿಲ್ಲ, ಅವ್ರಿಗೆ ಉಸಿರಾಡೋಕೆ ಇದ್ದಿದ್ದು ಅದೊಂದೇ ದಾರಿ. ಹಾಳೆ ಮೇಲೆ ಲೆಕ್ಕ ಬರೆದೆ, 80ರಲ್ಲಿ ಹೋದ್ರೆ ಸೆಕೆಂಡಿಗೆ 22 ಮೀಟರ್, ಕಣ್ಣು ಕಂಡು ಕೈ ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಅಂದ್ರೂ 33 ಮೀಟರ್ ಆಗ್ಲೇ ಹೋಯ್ತು, ಬೈಕ್ ನಿಲ್ಲೋಕೆ ಶುರುವಾಗೋದು ಆಮೇಲೆ. 17-18 ತಾಸು ಎಚ್ಚರ ಇದ್ದವ್ರ ಕೈ ಕುಡಿದವ್ರಷ್ಟೇ ನಿಧಾನ. "ರಾತ್ರಿ ಪೆಟ್ರೋಲಿಂಗ್ ಹೋಗುವಾಗ ಯಾರಿಗೂ ಹೇಳ್ದೆ ಒಬ್ರೇ ಹೋಗ್ತೀರಾ?" ಅಂದೆ. "ಇಲ್ರೀ" ಅಂದ್ರು, ಉಳಿದದ್ದನ್ನ ಅವ್ರೇ ಜೋಡಿಸಿದ್ರು: ಹೋಗೋ ದಾರಿ, ಬರೋ ಟೈಮು ಹೆಂಡ್ತಿಗೆ ಹೇಳೋದು, ಲೈಟ್ ಬೀಳೋ ದೂರದೊಳಗೆ ನಿಲ್ಲೋ ಅಷ್ಟೇ ಸ್ಪೀಡು, ಒಂದು ಪೆಗ್ ಆದ್ರೂ ಕೀ ಮುಟ್ಟಂಗಿಲ್ಲ. ನಾನು ಸೇರಿಸಿದ್ದು ಐಎಸ್‌ಐ ಮಾರ್ಕಿನ ಹೊಸ ಫುಲ್ ಫೇಸ್ ಹೆಲ್ಮೆಟ್, ಹಿಂದೆ ಹೊಳೆಯೋ ಟೇಪು, ಮತ್ತೆ ಕಬ್ಬು ನುರಿಸೋ ಸೀಸನ್ ಮುಗಿಯೋವರೆಗೂ ಫ್ಯಾಕ್ಟರಿ ರೋಡಲ್ಲಿ ಕತ್ತಲಾದ್ಮೇಲೆ ಬೈಕೇ ಬೇಡ, ಬೆಳಗ್ಗೆ ಬೆಳಕು ಹರಿದ್ಮೇಲೆ ಹೋಗಿ.

ನಿದ್ದೆ ವಿಷ್ಯಕ್ಕೆ ಡಾಕ್ಟರ್ ಹತ್ರ ಹೋಗಿ ಅಂದಾಗ ಹಿಂದೇಟು ಹಾಕಿದ್ರು, "ಕೆಟಗರಿ ಡೌನ್ ಮಾಡ್ತಾರ್ರೀ" ಅಂತ. ಕೆಟಗರಿ ಅಂದ್ರೆ ಸೇನೆಯಲ್ಲಿ ಆರೋಗ್ಯ ನೋಡಿ ಕೊಡೋ ದರ್ಜೆ. ಆ ಭಯ ಸುಳ್ಳಲ್ಲ, ಆದ್ರೆ ಕಾಲು ಮುರ್ಕೊಂಡ್ರೂ ಕೆಟಗರಿ ಹೋಗುತ್ತೆ ಅಂತ ನೇರವಾಗೇ ಹೇಳ್ದೆ. ಮೊದ್ಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂದಿದ್ದಕ್ಕೆ ನಂಬರ್ ಬರ್ಕೊಂಡ್ರು.

ರಜೆ ಮುಗಿಯೋ ಹಿಂದಿನ ದಿನ ಹೆಂಡ್ತಿ ಫೋನ್ ಮಾಡಿದ್ರು. ಎರಡಕ್ಕೆ ಎಚ್ಚರ ಆಗೋದು ಇನ್ನೂ ನಿಂತಿಲ್ಲ, ಆದ್ರೆ ಈಗ ಹೆಂಡ್ತಿಯನ್ನೂ ಎಬ್ಬಿಸ್ತಾರಂತೆ, ಇಬ್ರೂ ಪಡಸಾಲೇಲಿ ಕೂತು ಚಾ ಕುಡೀತಾರಂತೆ. ಆ ಹೊತ್ತಿಗೆ ಚಾ ಬೇಡ, ಬಿಸಿ ಹಾಲು ಮಾಡ್ಕೊಳ್ಳಿ ಅಂದೆ.