ಏಳು ಬೀಜಗಳ ವಂಶಾವಳಿ

ವಿಜ್ಞಾನ, ಪರಿಸರದ ಬಗ್ಗೆ ಇತ್ತೀಚೆಗೆ ಓದಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದು ಯಾವುದು ಎಂದು ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯ ಬೆಳೆಗಾರ, ಕಾಫಿ ಬಿಟ್ಟು ಬೇರೆ ಉತ್ತರ ಹೊಳೆಯುವುದು ಕಷ್ಟ. 2024ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅರೇಬಿಕಾ ಕಾಫಿಯ ಜೀನೋಮ್ (ವಂಶವಾಹಿಗಳ ಪೂರ್ತಿ ಸಮೂಹ) ಅಧ್ಯಯನ ನನ್ನನ್ನು ಹಿಡಿದು ಕೂರಿಸಿತು.

ಅರೇಬಿಕಾ ಬೆಳೆಯುವವರಿಗೆ ರೊಬಸ್ಟಾದ ಮೇಲೆ ಸಣ್ಣ ತಾತ್ಸಾರ ಇದ್ದೇ ಇದೆ. (ರೊಬಸ್ಟಾ ಬೆಲೆ ಏರಿದ ಮೇಲೆ ಆ ತಾತ್ಸಾರ ತಗ್ಗಿದೆ, ಆ ಮಾತು ಬೇರೆ.) ಆದರೆ ಅರೇಬಿಕಾ ಹುಟ್ಟಿದ್ದೇ ರೊಬಸ್ಟಾ ಮತ್ತು ಯೂಜಿನಿಯೋಯಿಡಿಸ್ ಎಂಬ ಇನ್ನೊಂದು ಕಾಡುಕಾಫಿ ಬೆರೆತು. ವಿಜ್ಞಾನಿಗಳಿಗೆ ಇದು ಮೊದಲೇ ಗೊತ್ತಿತ್ತು. ಆ ಬೆರಕೆ 3.5 ಲಕ್ಷದಿಂದ 6.1 ಲಕ್ಷ ವರ್ಷಗಳ ಹಿಂದೆ, ಮನುಷ್ಯರ ಕೈ ಸೋಕದೆ ಆಯಿತೆಂದು ಈ ಅಧ್ಯಯನ ಲೆಕ್ಕ ಹಾಕಿದೆ. ರೊಬಸ್ಟಾದಲ್ಲಿ ವಂಶವಾಹಿಗಳನ್ನು ಹೊತ್ತ 22 ಕ್ರೋಮೋಸೋಮುಗಳಿದ್ದರೆ ಅರೇಬಿಕಾದಲ್ಲಿ 44. ಹೆತ್ತವರಿಬ್ಬರ ಆಸ್ತಿಯೂ ಪಾಲಾಗದೆ ಬಂದಿದೆ.

ಆದರೂ ಈ ಗಿಡದಲ್ಲಿ ವೈವಿಧ್ಯ ತೀರ ಕಡಿಮೆ. ತನ್ನದೇ ಪರಾಗದಿಂದ ಕಾಯಿ ಕಟ್ಟುವ ಸ್ವಭಾವ ಒಂದು ಕಾರಣ. ಯೆಮೆನ್‌ನಿಂದ ಲೋಕಕ್ಕೆ ಹೊರಟ ಬೀಜಗಳೇ ಕೆಲವು ಎಂಬುದು ಇನ್ನೊಂದು. ಸೂಫಿ ಸಂತ ಬಾಬಾ ಬುಡನ್ ಅಲ್ಲಿಂದ ತಂದರೆನ್ನುವ ಏಳು ಬೀಜಗಳ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಏಳೇ ಬೀಜವೆಂದರೆ ರೋಗದೆದುರು ಎಷ್ಟು ಬಡತನ ಎಂದು ಯೋಚಿಸುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಎಲೆ ಮಗುಚಿ ನೋಡಿ. ಕಿತ್ತಳೆ ಬಣ್ಣದ ಹುಡಿ ಬೆರಳಿಗೆ ಅಂಟುತ್ತದೆ, ಅದೇ ಎಲೆ ತುಕ್ಕು ಎಂಬ ಶಿಲೀಂಧ್ರ ರೋಗ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುವುದು ನಮಗೆ ತಪ್ಪಿದ್ದಲ್ಲ. ತಳಿಯಲ್ಲೇ ತಡೆಯುವ ಶಕ್ತಿ ಬಂದದ್ದು ಹೆಚ್ಚಾಗಿ ನೆಂಟರಿಂದ, ಅಂದರೆ ಬೇರೆ ಕಾಫಿ ಪ್ರಭೇದಗಳಿಂದ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಎಸ್.795 ಎಂಬ ಅರೇಬಿಕಾ ತಳಿಯಲ್ಲಿ ಲಿಬೇರಿಕಾ ಎಂಬ ಇನ್ನೊಂದು ಕಾಫಿಯ ಅಂಶವಿದೆ. 1920ರ ದಶಕದಲ್ಲಿ ಟಿಮೋರ್ ದ್ವೀಪದಲ್ಲಿ ಅರೇಬಿಕಾ, ರೊಬಸ್ಟಾ ತಾವಾಗಿಯೇ ಬೆರೆತ ಗಿಡವೊಂದು ಸಿಕ್ಕಿತು. ನಮ್ಮ ಕಾವೇರಿ, ಚಂದ್ರಗಿರಿ ತಳಿಗಳು ಅದರ ವಂಶದವು. ಶಿಲೀಂಧ್ರವೂ ಕೈಕಟ್ಟಿ ಕೂರುವುದಿಲ್ಲ. ಹೊಸ ರೂಪ ತಾಳಿ ಎಸ್.795ನ್ನೂ ಕಾವೇರಿಯನ್ನೂ ಹಿಡಿದಿದೆ.

ಹೀಗಾಗಿ ಕಾಡಿನ ನೆಂಟರ ಬಾಗಿಲಿಗೆ ಮತ್ತೆ ಹೋಗಲೇಬೇಕು. ಆದರೆ 2019ರ ಇನ್ನೊಂದು ಅಧ್ಯಯನ ಹೇಳುವಂತೆ 124 ಕಾಫಿ ಪ್ರಭೇದಗಳಲ್ಲಿ 75 ಅಳಿವಿನ ಅಪಾಯದಲ್ಲಿವೆ. ಹೆಚ್ಚಿನವು ಆಫ್ರಿಕಾ, ಮಡಗಾಸ್ಕರ್ ಕಾಡುಗಳವು. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಬೆಲೆ ಏರುತ್ತದೆಂದು ನಮ್ಮೂರಿನಲ್ಲಿ ಮರುದಿನವೇ ಸುದ್ದಿ. ಆ ಕಾಡುಗಳಲ್ಲಿ ಮರ ಬಿದ್ದದ್ದನ್ನು ಇಲ್ಲಿ ಯಾರೂ ವಿಚಾರಿಸಿದ್ದು ನಾನು ಕೇಳಿಲ್ಲ.